ಯಕ್ಷಗಾನ ವೃತ್ತಿಮೇಳದ ವೇಷಧಾರಿಗಳು ಇಳಿವಯಸ್ಸಿನವರೆಗೂ ರಂಗದಲ್ಲಿ ಉಳಿಯುವುದು ಹೇಗೆ?

ಪ್ರಶ್ನೆ (ಉಡುಪಿ): ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ಊರೂರು ತಿರುಗುವ ಯಕ್ಷಗಾನ ಕಲಾವಿದರಲ್ಲಿ ಕೆಲವರು ಎಪ್ಪತ್ತು ದಾಟಿದರೂ ಚೌಕಿ (ಬಣ್ಣದ ಮನೆ) ಬಿಡದಿರುವುದಕ್ಕೆ ಸಂಬಳವೊಂದೇ ಕಾರಣವೇ?

ಉತ್ತರ 1 (ಮಂಗಳೂರು): ಸಂಬಳ ಕಾರಣವಲ್ಲವೆಂದರೆ ಸುಳ್ಳಾದೀತು. ಆದರೆ ಕಲಿಕೆಯ ಹಂತದ ಕೋಡಂಗಿ, ಬಾಲಗೋಪಾಲ ವೇಷಗಳನ್ನೂ ಸ್ತ್ರೀವೇಷಗಳನ್ನೂ ಹಾದು, ಚುರುಕಿನ ಯುವವೀರರ ಪುಂಡುವೇಷದಲ್ಲಿ ಧಿಗಿಣ (ಸುತ್ತುತ್ತ ಹಾರುವ ಕುಣಿತ) ಹಾರಿದವರು, ಮೊಣಕಾಲು ಸೋತ ಮೇಲೆ, ಕುಣಿತಕ್ಕಿಂತ ಅರ್ಥಗಾರಿಕೆಗೆ (ಪಾತ್ರದ ಮಾತುಗಾರಿಕೆಗೆ) ಹೆಚ್ಚು ಅವಕಾಶವಿರುವ ಭೀಷ್ಮ, ದಶರಥರಂತಹ ಪಾತ್ರಗಳಿಗೆ ಸರಿಯಬಹುದಾದ್ದರಿಂದ, ಈ ಕಲೆಯಲ್ಲಿ ವಯಸ್ಸಿಗೆ ತಕ್ಕ ವೇಷ ಸಿಕ್ಕೇ ಸಿಗುತ್ತದೆ.

ಉತ್ತರ 2 (ಕುಂದಾಪುರ): ಅಪವಾದವೂ ಉಂಟು. 2012ರಲ್ಲಿ ಪದ್ಮಶ್ರೀ ಪಡೆದ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇಳಿವಯಸ್ಸಿನಲ್ಲಿಯೂ ಕುಣಿತವನ್ನು ಬಿಟ್ಟವರಲ್ಲ. ಅವರ ಭಸ್ಮಾಸುರ, ಕೀಚಕರನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಉತ್ತರ 3 (ಮೂಡುಬಿದಿರೆ): ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಪ್ರದರ್ಶನಗಳು ಬಂದ ಮೇಲೆ ಹಿರಿಯರಿಗೆ ರಾತ್ರಿ ನಿದ್ದೆಯೇನೋ ಸಿಕ್ಕಿದೆ, ಆದರೆ ಅವರ ಬಲವಾಗಿದ್ದ ಪೀಠಿಕೆಯ (ಪಾತ್ರ ಪ್ರವೇಶದ ಆರಂಭದ) ಮಾತುಗಳಿಗೇ ಮೊದಲು ಕತ್ತರಿ ಬೀಳುತ್ತಿದೆ.