ಸಹಾಯ ಬೇಕು: ಟ್ರೈಜೆಮಿನಲ್ ನರ ತಲೆಗೆ ಹತ್ತುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬಿಡಿಎಸ್ ಮೊದಲ ವರ್ಷದಲ್ಲಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಮೇಣದಲ್ಲಿ ಹಲ್ಲು ಕೆತ್ತೋದು ಹೇಗೋ ಬಂತು. ಮುಖ, ಹಲ್ಲುಗಳ ಸ್ಪರ್ಶ, ನೋವನ್ನು ಮೆದುಳಿಗೆ ಮುಟ್ಟಿಸುವ ಅನಾಟಮಿಯ ಈ ಒಂದು ನರ ಮಾತ್ರ ನಿದ್ದೆ ಕೆಡಿಸಿದೆ.

ಮೂರು ಕವಲು ಗೊತ್ತು. ಆಫ್ತಾಲ್ಮಿಕ್ ಕಣ್ಣು, ಹಣೆಗೆ. ಮ್ಯಾಕ್ಸಿಲರಿ ಮೇಲ್ದವಡೆಗೆ. ಮ್ಯಾಂಡಿಬುಲರ್ ಕೆಳದವಡೆಗೆ. ತಲೆಬುರುಡೆಯಿಂದ ಹೊರಗೆ ಬರುವ ದಾರಿಯೂ ಬಾಯಿಪಾಠ: ಸುಪೀರಿಯರ್ ಆರ್ಬಿಟಲ್ ಫಿಶರ್, ಫೊರಾಮೆನ್ ರೊಟಂಡಮ್, ಫೊರಾಮೆನ್ ಒವೇಲ್. ಆಮೇಲೆ ಬರೀ ಗೊಂದಲ.

ಕೆಳಗಿನ ದವಡೆ ಹಲ್ಲುಗಳಿಗೆ ಇನ್ಫೀರಿಯರ್ ಆಲ್ವಿಯೋಲಾರ್ ನರ ಹೋಗುತ್ತದೆ, ಅಲ್ವಾ? ಆದರೆ ಅದೇ ಹಲ್ಲುಗಳ ಕೆನ್ನೆ ಕಡೆಯ ಒಸಡಿಗೆ ಲಾಂಗ್ ಬಕ್ಕಲ್ ನರ. ಅದಕ್ಕೇ ಹಲ್ಲು ಕೀಳುವಾಗ ಅಲ್ಲಿಗೆ ಬೇರೆ ಇಂಜೆಕ್ಷನ್ ಕೊಡುತ್ತಾರಂತೆ. ಈ ಎರಡು ನರಗಳು ಎಲ್ಲಿ ಬೇರೆಯಾಗುತ್ತವೆ ಅನ್ನೋದನ್ನು ಕಣ್ಣಮುಂದೆ ತಂದುಕೊಳ್ಳಲು ಆಗುತ್ತಿಲ್ಲ.

ಮೇಲಿನ ಮೊದಲ ದವಡೆ ಹಲ್ಲಂತೂ ಇನ್ನೂ ಕಷ್ಟ. ಮೂರು ಬೇರು. ಮೀಸಿಯೋಬಕ್ಕಲ್ (ಕೆನ್ನೆ ಕಡೆಯ ಮುಂದಿನ) ಬೇರಿಗೆ ಮಿಡಲ್ ಸುಪೀರಿಯರ್ ಆಲ್ವಿಯೋಲಾರ್ ನರ, ಉಳಿದ ಎರಡಕ್ಕೆ ಪೋಸ್ಟೀರಿಯರ್ ಸುಪೀರಿಯರ್ ಆಲ್ವಿಯೋಲಾರ್ ನರ. ಸಾಲದ್ದಕ್ಕೆ, ಕೆಲವರಲ್ಲಿ ಮಿಡಲ್ ಇರುವುದೇ ಇಲ್ಲ! ಅವರಲ್ಲಿ ಆ ಬೇರಿನ ಕೆಲಸ ಯಾವ ನರದ್ದು?

ಸೀನಿಯರ್‌ಗಳು ಯಾರಾದರೂ ಕೈಯಲ್ಲೇ ಬರೆದ ಒಂದು ಚಿತ್ರ ಹಾಕುತ್ತೀರಾ? ಕನ್ನಡದಲ್ಲಿ ಎರಡು ನಿಮಿಷದ ವಾಯ್ಸ್ ನೋಟ್ ಆದರೂ ಸಾಕು. ಸುಮ್ನೆ ಪಿಡಿಎಫ್ ಕಳಿಸಬೇಡಿ, ಫೋನ್ ತುಂಬಾ ಅವೇ ಇವೆ. ಮುಂದಿನ ಸೋಮವಾರ ವೈವಾ ಇದೆ.