ಸಂಘವನ್ನು ‘ಬರಖಾಸ್ತು’ ಮಾಡುವುದೋ, ‘ವಿಸರ್ಜಿಸುವುದೋ’?

ಶಿರಸಿ ಹತ್ತಿರದ ನಮ್ಮೂರಿನ ಯುವಕ ಸಂಘವನ್ನು ಈ ವರ್ಷ ನಿಲ್ಲಿಸುತ್ತಿದ್ದೇವೆ. ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ, ನಡೆಸುವವರಿಲ್ಲ. ಠರಾವಿನ ಕರಡಿನಲ್ಲಿ ‘ಸಂಘವನ್ನು ಬರಖಾಸ್ತುಗೊಳಿಸಲಾಗಿದೆ’ ಎಂದು ಬರೆದಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಾಗುತ್ತಿಲ್ಲ.

ಬರಖಾಸ್ತು ಪಾರಸಿಯಿಂದ ಬಂದ ಪದ. ಮೂಲದಲ್ಲಿ ‘ಏಳುವುದು’ ಎಂದರ್ಥ. ಸಭೆ ಬರಖಾಸ್ತಾಯಿತು ಅಂದರೆ ಕೂತವರು ಎದ್ದರು, ಅಷ್ಟೇ. ಮುಂದಿನ ತಿಂಗಳು ಅವರೇ ಮತ್ತೆ ಕೂರಬಹುದು. ಮೇಲಿನವರು ಒಂದು ಸಮಿತಿಯನ್ನು ತೆಗೆದುಹಾಕಿದಾಗಲೂ ಇದೇ ಪದ ಬಳಸುತ್ತಾರೆ. ಆಗ ಕೇಳಿದವರಿಗೆ ಒಳಗೇನೋ ತಪ್ಪು ನಡೆದಿದೆ ಅನ್ನಿಸುತ್ತದೆ. ನಮ್ಮಲ್ಲಿ ಅಂಥದ್ದೇನೂ ಆಗಿಲ್ಲ.

ವಿಸರ್ಜಿಸು ಅನ್ನುವುದರಲ್ಲಿ ಬಿಡುವ, ಕಳಿಸಿಕೊಡುವ ಅರ್ಥವಿದೆ. ಚೌತಿಯಲ್ಲಿ ಆವಾಹನೆ ಮಾಡಿ ಕರೆದ ದೇವರನ್ನು ಪೂಜೆ ಮುಗಿಸಿ ಗೌರವದಿಂದ ಕಳಿಸುತ್ತೇವೆ. ಅದಕ್ಕೇ ‘ಗಣಪತಿ ಬಿಡೋದು’ ಅನ್ನುವ ಆಡುಮಾತು ವಿಸರ್ಜನೆಗೆ ಸರಿಯಾಗಿ ಹೊಂದುತ್ತದೆ.

ರಾಜಕೀಯದಲ್ಲೂ ಈ ವ್ಯತ್ಯಾಸ ಕಾಣುತ್ತದೆ. 1984ರ ಲೋಕಸಭೆ ಚುನಾವಣೆಯಲ್ಲಿ ಪಕ್ಷ ಸೋತಾಗ ನಮ್ಮ ಸಿದ್ದಾಪುರ ಕಡೆಯ ರಾಮಕೃಷ್ಣ ಹೆಗಡೆಯವರು ತಾವಾಗಿಯೇ ಹೊಸ ಚುನಾವಣೆ ಕೇಳಿದರು. ವಿಧಾನಸಭೆ ವಿಸರ್ಜನೆಯಾಯಿತು, 1985ರಲ್ಲಿ ಅವರೇ ಗೆದ್ದು ಬಂದರು. ಅದರಲ್ಲಿ ಅವಮಾನ ಇರಲಿಲ್ಲ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ತೆಗೆದದ್ದಕ್ಕೆ ಮಾತ್ರ ‘ವಜಾ’ ಅನ್ನುತ್ತೇವೆ.

‘ರದ್ದು’ ನಮಗೆ ಬೇಡ. ಅದು ಪರವಾನಗಿಗೆ, ಆದೇಶಕ್ಕೆ ಸರಿ. ಸಹಕಾರ ಸಂಘಗಳಿಗೆ ‘ಸಮಾಪನೆ’ ಎಂಬ ಬೇರೆ ಮಾತಿದೆ. ಅಲ್ಲಿ ಸಮಾಪನಾಧಿಕಾರಿ ಬಂದು ಸಾಲ, ಆಸ್ತಿ ಎಲ್ಲ ಚುಕ್ತಾ ಮಾಡಬೇಕು. ನಮ್ಮಲ್ಲಿ ಇರುವುದು ಒಂದಿಷ್ಟು ಕುರ್ಚಿ, ಒಂದು ಕಪಾಟು. ಅವನ್ನು ಶಾಲೆಗೆ ಕೊಡುತ್ತಿದ್ದೇವೆ.

ಇನ್ನೊಂದು ಮಾತು. ‘-ಲಾಗಿದೆ’ ಎಂದು ಬರೆದರೆ ಯಾರು ಮಾಡಿದರು ಅನ್ನುವುದೇ ಮರೆಯಾಗುತ್ತದೆ. ಕಟ್ಟಿದವರೇ ಕೂತು ತೀರ್ಮಾನಿಸಿದ್ದು ಅಲ್ವಾ? ಹಾಗಾಗಿ ‘ಸದಸ್ಯರೆಲ್ಲ ಸೇರಿ ಒಮ್ಮತದಿಂದ ಈ ಸಂಘವನ್ನು ವಿಸರ್ಜಿಸಿದ್ದೇವೆ’ ಎಂದು ಬರೆಯಬೇಕು ಅಂತ ನಾನು ಹೇಳುತ್ತಿದ್ದೇನೆ. ಠರಾವಿನಲ್ಲಿ ‘-ದ್ದೇವೆ’ ನಡೆಯುವುದಿಲ್ಲ ಅನ್ನುವವರೂ ಇದ್ದಾರೆ.

ಅಂಕೋಲಾ, ಕುಮಟಾ, ಕಾರವಾರ ಕಡೆಯವರು ನಿಮ್ಮೂರ ಸಂಘಗಳ ಹಳೆಯ ಠರಾವು ಪುಸ್ತಕ ತೆಗೆದು ನೋಡಿ. ಸಂಘ ನಿಲ್ಲಿಸಿದಾಗ ಕೊನೆಯ ಸಾಲಿನಲ್ಲಿ ಯಾವ ಕ್ರಿಯಾಪದ ಬರೆದಿದ್ದಾರೆ?