ಅಪ್‌ಡೇಟ್: ಕೊನೆಗೆ ಕೈಗೆ ಕಟ್ಟಿದ್ದು ಖಾಕಿ ವಾಚನ್ನೇ

ಯಾವ ವಾಚು ತಗೊಳ್ಳಲಿ, ಕಾರ್ಟಿಯೇ ಟ್ಯಾಂಕೋ, ಹ್ಯಾಮಿಲ್ಟನ್ ಖಾಕಿ ಫೀಲ್ಡೋ ಅಂತ ಹೋದ ವಾರ ಇಲ್ಲಿ ಕೇಳಿ ತಲೆ ತಿಂದಿದ್ದೆನಲ್ಲ, ಅದೇ ಬದಿಯಡ್ಕದವ ನಾನು. ತೀರ್ಮಾನ ಆಯ್ತು ಮಾರಾಯ್ರೇ. "ಮೊದಲು ಕಟ್ಟಿ ನೋಡಿ" ಅಂದವರ ಮಾತೇ ಕೆಲಸಕ್ಕೆ ಬಂತು. ಭಾವನ ಟ್ಯಾಂಕನ್ನು ಎರಡು ದಿನ ಕೇಳಿ ತಂದೆ. ಮದುವೆಮನೆಯಲ್ಲಿ ಅಂಗಿ ತೋಳಿನೊಳಗೆ ತೆಳ್ಳಗೆ ಕೂತಿತು, ಚಂದವೋ ಚಂದ. ಮರುದಿನ ಅಡಿಕೆ ತೋಟದಲ್ಲಿ ಬೆವರಿಗೆ ಚರ್ಮದ ಪಟ್ಟಿ ಒದ್ದೆ. ರಾತ್ರಿ ಕರೆಂಟ್ ಹೋದಾಗ ಮುಳ್ಳೇ ಕಾಣಲಿಲ್ಲ! ಖಾಕಿಯದ್ದು ಕತ್ತಲಲ್ಲೂ ಹೊಳೆಯುತ್ತದೆ, ನೈಲಾನ್ ಪಟ್ಟಿ ತೊಳೆದು ಒಣಗಿಸಬಹುದು. ಪೂರ್ತಿ ಕೀ ಕೊಟ್ಟರೆ 80 ಗಂಟೆ ಓಡುತ್ತದೆ.

"ಮರುಮಾರಾಟದ ಬೆಲೆ ನೋಡಿ" ಎಂಬ ಸಲಹೆ ನನಗೆ ಹಿಡಿಸಲಿಲ್ಲ. ಮಾರಲಿಕ್ಕೆ ಯಾರು ತಗೊಳ್ಳುವುದು? ಹೊಸದಾಗಿ ತಿಳಿದದ್ದು: ವಾಚು ನೀರು ತಡೆಯುವ ಅಳತೆ 30 ಮೀಟರ್ ಅಂದರೆ ಅಷ್ಟು ಆಳ ಮುಳುಗಬಹುದು ಅಂತಲ್ಲ, ನೀರು ಚಿಮ್ಮಿದರೆ ತಡೆದೀತು ಅಷ್ಟೇ. ಖಾಕಿಯದ್ದು 50. ಆದರೂ ಕೆರೆಗೆ ಇಳಿಯುವಾಗ ಬಿಚ್ಚಿಯೇ ಇಡುತ್ತೇನೆ.